ಬನದೊಳಗಿನ ಗಾಡಿ

ಮಧ್ಯಾಹ್ನ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು, ಊಟದ ಡಬ್ಬಿ ಬಿಚ್ಚುವ ಮೊದಲು ರಂಜನಿ ದಿನದ ರೂಢಿಯಂತೆ ಮೊಬೈಲ್ ತೆಗೆದು ಮನೆಯೊಳಗೆ ಇಣುಕಿದಳು. ಪರದೆಯ ಮೇಲೆ ಚಾವಡಿಯ ಕೆಂಪು ನೆಲ ಕಾಣಬೇಕಿತ್ತು, ಮಂಚದ ಮೇಲೆ ಮಗಳು ಶ್ರಾವ್ಯಳ ಪ್ಲಾಸ್ಟರ್ ಹಾಕಿದ ಕಾಲು ಕಾಣಬೇಕಿತ್ತು. ಕಂಡದ್ದು ಒಣಗಿದ ಎಲೆಗಳ ರಾಶಿ. ಅದರಾಚೆ ನೆಲದಿಂದ ಮೇಲೆದ್ದ ದಪ್ಪ ಬೇರು. ಬೇರಿನಾಚೆ, ಅರಿಶಿನದ ಹಳೆಯ ಬಣ್ಣ ಹಿಡಿದ, ಹೆಡೆಯೆತ್ತಿದ ಕಲ್ಲು.

ಮದುವೆಯಾಗಿ ಈ ಮನೆಗೆ ಬಂದಂದಿನಿಂದ ರಂಜನಿ ಆ ಕಲ್ಲನ್ನು ಕಂಡವಳಲ್ಲ. ಆದರೂ ಅದು ಯಾವುದೆಂದು ತಿಳಿಯಲು ಅವಳಿಗೆ ಕ್ಷಣವೂ ಬೇಕಾಗಲಿಲ್ಲ. ಮನೆಯ ತೆಂಗಿನ ತೋಟದ ಮೂಲೆಯಲ್ಲಿ, ಮೊಣಕಾಲೆತ್ತರದ ಕೆಂಪುಕಲ್ಲಿನ ಕಟ್ಟೆಯ ನಡುವೆ, ಕತ್ತಿ ಮುಟ್ಟದ ಮರಗಳು ಒತ್ತಾಗಿ ಬೆಳೆದ ಜಾಗವೊಂದಿತ್ತು. ಮನೆತನದ ನಾಗಬನ. ವರ್ಷಕ್ಕೊಮ್ಮೆ ನಾಗರಪಂಚಮಿಯಂದು ಪೂಜೆ ಮಾಡುವವರು ಮಿಂದು ಮಡಿಯುಟ್ಟು ಒಳಗೆ ಹೋಗಿ ಹಾಲೆರೆದು ಬರುವುದು ಬಿಟ್ಟರೆ ಅಲ್ಲಿಗೆ ಯಾರೂ ಕಾಲಿಡುವಂತಿಲ್ಲ. ಬಿದ್ದ ಕಡ್ಡಿಯನ್ನೂ ಹೆಕ್ಕುವಂತಿಲ್ಲ.

ಮಗಳ ಆಟದ ಗಾಡಿ ಅಲ್ಲಿಗೆ ಹೋಗಿ ನಿಂತಿತ್ತು.

ನೋಡುತ್ತಿದ್ದಂತೆ ಚಿತ್ರ ಅಲ್ಲಾಡುವುದು ನಿಂತಿತು. ಪರದೆಯ ಮೂಲೆಯಲ್ಲಿ ‘ಸಂಪರ್ಕವಿಲ್ಲ’ ಎಂಬ ಸೂಚನೆ ಬಂತು. ರಂಜನಿ ಡಬ್ಬಿಯನ್ನು ಹಾಗೆಯೇ ಬದಿಗಿಟ್ಟು ಮಗಳಿಗೆ ಫೋನ್ ಮಾಡಿದಳು.

“ಶ್ರಾವ್ಯಾ, ಗಾಡಿ ಎಲ್ಲಿತ್ತ್?”

ಆಚೆಯಿಂದ ಸಣ್ಣ ದನಿ: “ಬನದೊಳ್ಗೆ.”

“ಅಲ್ಲಿಗೆ ಹ್ಯಾಂಗ್ ಹೋಯ್ತ್ ಅದ್?”

“ನಾನೇ ಬಿಟ್ಟದ್ದ್.”

“ಎಂತಕ್ಕೆ?”

“ನಾನೇ ಬಿಟ್ಟದ್ದ್ ಅಮ್ಮ,” ಎಂದು ಇನ್ನೊಮ್ಮೆ ಹೇಳಿ ಹುಡುಗಿ ಫೋನ್ ಇಟ್ಟುಬಿಟ್ಟಳು. ಬಾಯಿಪಾಠ ಒಪ್ಪಿಸಿದ ಹಾಗಿತ್ತು. ಆದರೆ ಆ ಗಳಿಗೆಯಲ್ಲಿ ರಂಜನಿಗೆ ಅದನ್ನು ಯೋಚಿಸುವ ವ್ಯವಧಾನ ಇರಲಿಲ್ಲ. ಅವಳ ಕಣ್ಣೆದುರು ಬಂದದ್ದು ಅತ್ತೆ ವಾರಿಜಾಕ್ಷಿಯ ಮುಖ.

ಆ ಗಾಡಿಯನ್ನು ಮನೆಗೆ ತಂದವನು ರಂಜನಿಯ ತಮ್ಮ ಶ್ರೀಶ. ಶಾಲೆಯ ಮೆಟ್ಟಿಲಲ್ಲಿ ಜಾರಿ ಶ್ರಾವ್ಯ ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡು, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದಾಗ, ಮಾವನಾದವನು ಬರಿಗೈಯಲ್ಲಿ ನೋಡಲು ಬರುವುದು ಹೇಗೆಂದು ಕುಂದಾಪುರದ ಪೇಟೆಯಿಂದ ಕೊಂಡು ತಂದಿದ್ದ. ಬೆಕ್ಕಿನಷ್ಟು ಗಾತ್ರ, ದಪ್ಪ ರಬ್ಬರಿನ ನಾಲ್ಕು ಚಕ್ರ, ಮೂತಿಯಲ್ಲಿ ಕ್ಯಾಮೆರಾ ಮತ್ತು ದೀಪ, ಹೊಟ್ಟೆಯಲ್ಲಿ ಸ್ಪೀಕರ್. ಮನೆಯ ವೈಫೈ ಎಟಕುವಷ್ಟು ದೂರ ಅದನ್ನು ಮೊಬೈಲಿನಿಂದಲೇ ಓಡಿಸಬಹುದು. ಅದು ಕಂಡದ್ದು ಮೊಬೈಲಿನಲ್ಲಿ ಕಾಣುತ್ತದೆ. ಮೈಕಿನ ಗುಂಡಿ ಒತ್ತಿ ಮಾತಾಡಿದರೆ ಮಾತು ಗಾಡಿಯ ಹೊಟ್ಟೆಯಿಂದ ಹೊರಡುತ್ತದೆ. ಶ್ರಾವ್ಯಳಿಗೆ ಅಪ್ಪನ ಹಳೆಯ ಮೊಬೈಲ್ ಕೊಟ್ಟರು. ರಂಜನಿ ತನ್ನ ಮೊಬೈಲಿಗೂ ಆ್ಯಪ್ ಹಾಕಿಸಿಕೊಂಡಳು. ಅಂಗಡಿಯಲ್ಲಿ ಕುಳಿತೇ ಮಗಳನ್ನು ನೋಡಬಹುದಲ್ಲ ಎಂದು.

ಮೊದಮೊದಲು ಮನೆಗೆ ಮನೆಯೇ ಹಗುರಾದಂತಿತ್ತು. ಮಂಚ ಬಿಟ್ಟೇಳಲಾಗದೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ಹುಡುಗಿ ಗಾಡಿಯೊಂದಿಗೆ ಕೊಟ್ಟಿಗೆಗೆ ಹೋದಳು, ಬಾವಿಕಟ್ಟೆಗೆ ಹೋದಳು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು “ಅಮ್ಮಮ್ಮ, ಎಂತ ತಿಂಡಿ ಇವತ್ತ್?” ಎಂದು ಕೇಳಿದಳು. ವಾರಿಜಾಕ್ಷಿಗೆ ಮೊದಲ ದಿನ ಕೈಯಲ್ಲಿದ್ದ ಸೌಟು ಬಿದ್ದೇ ಹೋಯಿತು. ಮಡಿಯಲ್ಲಿ ಅಡುಗೆ ಮಾಡುವ ಹೆಂಗಸು. ಚರ್ಮವೋ ರಬ್ಬರೋ, ಊರೆಲ್ಲ ತಿರುಗಿದ್ದು ಒಳಗೆ ಬರುವುದೆಂದರೇನು? ಹೊಸ್ತಿಲಿಗೆ ಅಡ್ಡಲಾಗಿ ರಂಗೋಲಿಯ ಗೆರೆ ಎಳೆದು, “ಕಾಣ್, ಇದ್ರಿಂದ ಈಚೆ ಬಂದ್ರೆ ಒಲೆಗ್ ಹಾಕ್ತೆ” ಎಂದು ಗಾಡಿಗೇ ಗದರಿದರು. ಗಾಡಿ ಗೆರೆ ದಾಟಲಿಲ್ಲ. ಸ್ವಲ್ಪ ದಿನಗಳಲ್ಲಿ ವಾರಿಜಾಕ್ಷಿ ಬೆಲ್ಲ ಕುಟ್ಟುತ್ತ ಗೆರೆಯಾಚೆ ನಿಂತ ಗಾಡಿಯ ಬಳಿ ತಮ್ಮ ತವರಿನ ಸುದ್ದಿ ಹೇಳತೊಡಗಿದರು.

ಗಾಡಿಯನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವರು ರಂಜನಿಯ ಮಾವ ಕೃಷ್ಣಯ್ಯ. ಊರ ದೇವಸ್ಥಾನದಲ್ಲಿ ನಲವತ್ತು ವರ್ಷ ಪೂಜೆ ಮಾಡಿದ ಮನುಷ್ಯ. ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು. ಪೂಜೆ ಮಗ, ರಂಜನಿಯ ಗಂಡ ಗೌರೀಶನ ಪಾಲಿಗೆ ಬಂತು, ಅವರ ಪಾಲಿಗೆ ಉಳಿದದ್ದು ಜಗಲಿ, ಊರುಗೋಲು, ಎಲೆಯಡಿಕೆ. ಈಗ ಅಜ್ಜ ಮೊಮ್ಮಗಳು ಇಬ್ಬರೂ ಕಾಲಿಲ್ಲದವರು, ಇಬ್ಬರಿಗೂ ಸೇರಿ ನಾಲ್ಕು ಚಕ್ರ. “ಕಾಯಿ ಬಿದ್ದ ಶಬ್ದ ಆಯ್ತಲೇ, ಕಂಡ್ಕಬಾ ಮಗಾ,” ಎನ್ನುತ್ತಿದ್ದರು ಕೃಷ್ಣಯ್ಯ. ಶ್ರಾವ್ಯ ಮಂಚದಲ್ಲಿ ಕುಳಿತೇ ತೋಟ ಸುತ್ತಿ ಬರುತ್ತಿದ್ದಳು. ಜಗಲಿಯಿಂದ ಅಂಗಳಕ್ಕೆ ಗಾಡಿ ಇಳಿಯಲೆಂದು ಗೌರೀಶ ಒಂದು ಹಲಗೆಯನ್ನೂ ಇಟ್ಟುಕೊಟ್ಟಿದ್ದ.

ಸಂಜೆ ರಂಜನಿ ಬಸ್ಸಿಳಿದು ಮನೆ ಮುಟ್ಟುವಾಗ ಮನೆಯಲ್ಲಿ ಸುದ್ದಿ ಹಬ್ಬಿಯಾಗಿತ್ತು. ವಾರಿಜಾಕ್ಷಿ ತುಳಸಿಕಟ್ಟೆಯ ಬಳಿ ಕುಳಿತಿದ್ದರು, ತಲೆಗೂದಲು ಬಿಚ್ಚಿಹೋಗಿದ್ದು ಗೊತ್ತೇ ಇಲ್ಲದವರ ಹಾಗೆ. ಗೌರೀಶ ಮೊಬೈಲ್ ಹಿಡಿದು ಬನದ ಕಟ್ಟೆಯ ಹೊರಗೆ ಅತ್ತಿತ್ತ ನಡೆಯುತ್ತಿದ್ದ. ಹತ್ತಿರ ಹೋದಾಗ ಒಮ್ಮೊಮ್ಮೆ ಸಂಪರ್ಕ ಸಿಗುತ್ತಿತ್ತು, ಮರುಗಳಿಗೆ ಹೋಗುತ್ತಿತ್ತು. ಕಟ್ಟೆಯ ಬಾಯಿಯಿಂದ ಒಳಕ್ಕೆ, ಎಲೆಗಳ ನಡುವೆ, ಗಾಡಿಯ ದೀಪ ಇನ್ನೂ ಉರಿಯುತ್ತಿತ್ತು.

“ಒಂದ್ ಚಕ್ರ ಬೇರಿಗೆ ಸಿಕ್ಕಂಡಿತ್ತ್. ಹಿಂದೆ ತೆಗ್ದ್ರೆ ಬತ್ತ್,” ಎಂದ ಗೌರೀಶ.

“ಮುಟ್ಟುಕಾಗ!” ಎಂದು ವಾರಿಜಾಕ್ಷಿ ಅಂಗಳದಿಂದಲೇ ಕೂಗಿದರು. “ಒಂದ್ಸಲ ಚಕ್ರ ಹರಿದದ್ದ್ ಸಾಲ್ದಾ? ಇನ್ನೊಂದ್ಸಲ ಹರಿಸ್ತ್ಯಾ ನಾಗನ್ ಎದ್ರ್?”

“ಅಬ್ಬೆ, ಬಂದ ದಾರಿಲೇ ವಾಪಸ್ ಬಪ್ಪುದಲೆ ಅದ್.”

“ಬೇಡ ಅಂದ್ರೆ ಬೇಡ. ಪುರೋಹಿತ್ರ್ ಬರ್ಲಿ. ಅವ್ರ್ ತೆಗೀಲಿ.”

ಗೌರೀಶ ಅಪ್ಪನ ಕಡೆ ನೋಡಿದ. ಇಂಥ ವಿಷಯದಲ್ಲಿ ಈ ಮನೆಯಲ್ಲಿ ಮಾತ್ರವಲ್ಲ, ಸುತ್ತಲಿನ ನಾಲ್ಕು ಮನೆಗಳಲ್ಲೂ ಕೊನೆಯ ಮಾತು ಕೃಷ್ಣಯ್ಯನವರದು. ಅವರು ಜಗಲಿಯ ಕಂಬಕ್ಕೆ ಒರಗಿ, ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ಕುಳಿತಿದ್ದರು. “ಪುರೋಹಿತ್ರಿಗೆ ಹೇಳಿಕಳ್ಸ್,” ಎಂದರು. ಅಷ್ಟೇ.

ಬ್ರಹ್ಮಾವರದ ಕಡೆಯ ಪುರೋಹಿತರು ಫೋನಿನಲ್ಲಿ ಪಂಚಾಂಗ ನೋಡಿ ದಿನ ಕೊಟ್ಟರು. ಅದಕ್ಕೆ ಇನ್ನೂ ಒಂದು ವಾರವಿತ್ತು. ಅಲ್ಲಿಯವರೆಗೆ ಗಾಡಿ ಇದ್ದಲ್ಲೇ ಇರಬೇಕು.

ರಂಜನಿ ಒಳಗೆ ಹೋಗಿ ಮಗಳಿಗೆ ಬೈದಳು. ಬೈಯಬಾರದಿತ್ತೆಂದು ಆಮೇಲೆ ಅನಿಸಿತು, ಆದರೆ ಆಗ ಬೈದಳು. ಅದಕ್ಕಿಂತ ದೊಡ್ಡ ಪೆಟ್ಟು ಹೊರಗಿನಿಂದ ಬಂತು. ತುಳಸಿಕಟ್ಟೆಯಿಂದ ಎದ್ದು ಬರುತ್ತಿದ್ದ ವಾರಿಜಾಕ್ಷಿ, ಒಳಗೆ ಕೇಳಿಸುತ್ತದೆಂಬ ಎಗ್ಗಿಲ್ಲದೆ, ಗೌರೀಶನಿಗೆ ಹೇಳುತ್ತಿದ್ದರು: “ಮೊದ್ಲೇ ಕಾಲ್ ಮುರ್ಕಂಡ್ ಬಿದ್ದ್ ಹೆಣ್ಣ್. ಈಗ ಬನವನ್ನೂ ಮೈಲಿಗೆ ಮಾಡ್ತ್. ಇನ್ನ್ ಆ ಕಾಲ್ ಕೂಡಿ ಬತ್ತಾ? ನಾಗ ಬಿಡ್ತನಾ?”

ಶ್ರಾವ್ಯ ಪ್ಲಾಸ್ಟರಿನ ಕಾಲನ್ನೇ ನೋಡುತ್ತ ಕುಳಿತಿದ್ದಳು. ಮೊಬೈಲ್ ಅವಳ ಪಕ್ಕದಲ್ಲಿ ಮಗುಚಿ ಬಿದ್ದಿತ್ತು.

ಎರಡು ದಿನ ಬಿಟ್ಟು ಪ್ಲಾಸ್ಟರ್ ತೆಗೆಸಲು ಕುಂದಾಪುರಕ್ಕೆ ಹೋದರು. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಚೆನ್ನಾಗಿ ಕೂಡಿದೆ, ಇನ್ನು ನಿಧಾನಕ್ಕೆ ಕಾಲೂರಿಸಿ ಎಂದರು. ಫಿಸಿಯೋಥೆರಪಿಯ ಕೋಣೆಯಲ್ಲಿ ಎರಡು ಕಬ್ಬಿಣದ ಸರಳುಗಳ ನಡುವೆ ಶ್ರಾವ್ಯಳನ್ನು ನಿಲ್ಲಿಸಿದರು. ಹುಡುಗಿ ಒಳ್ಳೆಯ ಕಾಲಿನ ಮೇಲೆ ಕೊಕ್ಕರೆಯ ಹಾಗೆ ನಿಂತಳು. ಇನ್ನೊಂದು ಕಾಲನ್ನು ನೆಲಕ್ಕೆ ಸೋಕಿಸಲೂ ಒಪ್ಪಲಿಲ್ಲ.

“ನೋವಾಗ್ತದಾ ಪುಟ್ಟಾ?” ಎಂದು ಕೇಳಿದಳು ಅಲ್ಲಿಯ ಹುಡುಗಿ.

ಶ್ರಾವ್ಯ ತಲೆಯಾಡಿಸಿದಳು, ಇಲ್ಲವೆಂದು.

“ಮತ್ತೆ? ಹೆದರಿಕೆಯಾ?”

ಶ್ರಾವ್ಯ ಸರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕಾಲು ತೆಳ್ಳಗಾಗಿ, ಮಾಸಿದ ಬಿಳಿಯ ಬಣ್ಣಕ್ಕೆ ತಿರುಗಿತ್ತು. ಮನೆಯಲ್ಲಿ ಮಗು ಹೇಗೆ ಹೊತ್ತು ಕಳೆಯುತ್ತಾಳೆಂದು ಫಿಸಿಯೋಥೆರಪಿಯವಳು ಕೇಳಿದಾಗ ರಂಜನಿ ಗಾಡಿಯ ವಿಷಯ ಹೇಳಿದಳು. ಅದು ಈಗ ಎಲ್ಲಿದೆ ಎನ್ನುವುದನ್ನು ಬಿಟ್ಟು.

“ಮಲಗಿದ ಮಕ್ಕಳಿಗೆ ಅದು ಒಳ್ಳೆಯದೇ. ಮನಸ್ಸಿಗೆ ಬೇಜಾರಾಗುವುದಿಲ್ಲ,” ಎಂದಳು ಆಕೆ. “ಆದರೆ ಇನ್ನು ಮೇಲೆ ಸ್ವಲ್ಪ ತೆಗೆದಿಡಿ. ಗಾಡಿ ಹೋಗಿ ನೋಡಿಕೊಂಡು ಬರುತ್ತದೆ ಅಂದರೆ ಇವಳು ಯಾಕೆ ಎದ್ದು ಹೋಗುತ್ತಾಳೆ ಹೇಳಿ? ಈ ವಾರ ಹತ್ತು ದಿನ ಮುಖ್ಯ. ಕಾಲೂರದೆ ಕೂತರೆ ಮಂಡಿ ಬಿಗಿಯುತ್ತದೆ. ಆಮೇಲೆ ಸರಿ ಮಾಡುವುದು ಕಷ್ಟ.”

ರಿಕ್ಷಾದಲ್ಲಿ ಬರುವಾಗ ಹೆದ್ದಾರಿಯ ಗಾಳಿಗೆ ಮುಖ ಕೊಟ್ಟು ಕುಳಿತಿದ್ದ ಶ್ರಾವ್ಯ ಇದ್ದಕ್ಕಿದ್ದಂತೆ ಹೇಳಿದಳು: “ಕಾಲ್ ಊರುಕಾಗ ಅಮ್ಮ. ಊರ್ರೆ ಮತ್ತೆ ಮುರೀತ್. ನಾಗದೇವ್ರಿಗೆ ಸಿಟ್ಟ್ ಬಂದಿತ್ತಲೆ.”

ರಂಜನಿ ಹೇಳಬಹುದಾದುದನ್ನೆಲ್ಲ ಹೇಳಿದಳು. ಮಕ್ಕಳ ಆಟಕ್ಕೆ ದೇವರು ಸಿಟ್ಟಾಗುವುದಿಲ್ಲ ಎಂದಳು, ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ತಾನೇ ಕಂಡೆನೆಂದಳು. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು, ಒಪ್ಪಲಿಲ್ಲ. ಅವಳ ಮಟ್ಟಿಗೆ ಎಕ್ಸ್‌ರೇ ನೋಡುವ ಡಾಕ್ಟರಿಗಿಂತ, ದಿನವೂ ದೇವರಿಗೆ ಅನ್ನ ಮಾಡುವ ಅಮ್ಮಮ್ಮನಿಗೆ ದೇವರ ವಿಷಯ ಹೆಚ್ಚು ಗೊತ್ತು. ಅದು ಸಹಜವೂ ಆಗಿತ್ತು.

ಮರುದಿನ ಬೆಳಿಗ್ಗೆ ರಂಜನಿ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಾಗ ಸೀತು ಬಂದಳು. ಮನೆಯ ದನಕ್ಕೆ ಹುಲ್ಲು ಕೊಯ್ದು ಹಾಕುವವಳು. ಗಾಡಿ ಬನಕ್ಕೆ ಹೋದ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಈಗಲೂ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೂರವೇ ನಿಂತಳು.

“ಎಂತ ಸೀತು, ಜ್ವರ ಬಂದಿತ್ತಾ?”

“ಜ್ವರ ಅಲ್ಲ ರಂಜನಮ್ಮ. ಹೆದ್ರಿಕೆ. ನಾನ್ ಇನ್ನ್ ಆ ಬನದ ಬದಿ ಹುಲ್ಲ್ ಕೊಯ್ಯುಕೆ ಹೋತಿಲ್ಲೆ. ಬೇರೆ ಯಾರಿಗಾರೂ ಹೇಳಿ.”

“ಎಂತ ಆಯ್ತ್ ಹೇಳ್ ಕಾಂಬೊ.”

ಸೀತು ಜಗಲಿಯ ದಿಕ್ಕಿಗೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಅವತ್ತ್ ಮಧ್ಯಾಹ್ನ ನಾನ್ ಅಲ್ಲೇ ಇದ್ದೆ, ಕಟ್ಟೆ ಬದೀಲಿ. ಬನದೊಳ್ಗಿಂದ ಮಂತ್ರ ಕೇಳ್ತ್. ನಮ್ ದೊಡ್ಡ ಭಟ್ರ್ ಸ್ವರ, ನಂಗೆ ಗುರ್ತ ಸಿಕ್ಕುದಿಲ್ಯಾ? ಓಹೋ, ಭಟ್ರ್ ಒಳ್ಗೆ ಹೋಯಿರ್ ಅಂದ್ಕಂಡೆ. ತಿರ್ಗಿ ಕಂಡ್ರೆ, ಭಟ್ರ್ ಜಗಲೀಲಿ ಕೂಕಂಡಿದ್ರ್! ಮನುಷ್ಯ ಜಗಲೀಲಿ, ಸ್ವರ ಬನದೊಳ್ಗೆ. ನನ್ ಕೈಕಾಲೆಲ್ಲ ನೀರಾಯ್ತ್. ಹುಲ್ಲಿನ ಕಟ್ಟ್ ಅಲ್ಲೇ ಬಿಟ್ಟ್ ಓಡ್ದೆ. ಯಾರಿಗೂ ಹೇಳ್ಲಿಲ್ಲೆ ಅಮ್ಮ. ಭಟ್ರ್ ಆಯಸ್ಸಿಗೆ ಎಂತಾರೂ ಆಪುದಾ ಅಂದೇಳಿ ಹೆದ್ರಿಕೆ.”

ರಂಜನಿಯ ಕೈಯಲ್ಲಿದ್ದ ಒದ್ದೆ ಸೀರೆ ಅಲ್ಲೇ ನಿಂತಿತು.

“ಭಟ್ರ್ ಕೈಯಲ್ಲಿ ಎಂತಾರೂ ಇತ್ತಾ ಸೀತು?”

“ಎಂತೋ ಇತ್ತ್. ಸಣ್ಣ ಪುಸ್ತಕದ ಹಾಂಗೆ. ಬಾಯಿ ಹತ್ರ ಹಿಡ್ಕಂಡಿದ್ರ್.”

ಮೈಕಿನ ಗುಂಡಿ ಒತ್ತಿದರೆ ಮಾತು ಗಾಡಿಯ ಹೊಟ್ಟೆಯಿಂದ ಹೊರಡುತ್ತದೆ. ಸೀತುವಿಗೆ ಅದನ್ನು ಬಿಡಿಸಿ ಹೇಳಿ, ಅವಳ ಭಯ ಇಳಿಸಿ ಕಳಿಸುವಷ್ಟರಲ್ಲಿ ರಂಜನಿಗೆ ತನ್ನ ಕೋಪದ ಅಳತೆಯೇ ಸಿಗದಾಯಿತು. ಪ್ಲಾಸ್ಟರ್ ತೆಗೆದ ಮೇಲೂ ಮಗು ಕಾಲೂರುತ್ತಿಲ್ಲ. ನಾಲ್ಕು ದಿನದಿಂದ ಈ ಮನುಷ್ಯ ಎದುರಿಗೇ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ.

ಮೊದಲು ಮಗಳನ್ನೇ ಕೇಳಿದಳು. ಶ್ರಾವ್ಯ “ನಾನೇ” ಎಂದಳು. ಇನ್ನೊಮ್ಮೆ ಕೇಳಿದಳು. “ನಾನೇ ಅಂದೆಲ್ಲ!” ಎಂದು ಹುಡುಗಿ ಕಿರುಚಿ, ದಿಂಬಿಗೆ ಮುಖ ಒತ್ತಿ ಅಳತೊಡಗಿದಳು. ರಂಜನಿ ಮೂರನೆಯ ಸಲ ಕೇಳಲಿಲ್ಲ.

ವಾರಿಜಾಕ್ಷಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಜಗಲಿಗೆ ಬಂದಳು. ಮಾವನ ಎದುರು ಕುಳಿತು ಮಾತಾಡಿ ಅವಳಿಗೆ ರೂಢಿಯಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಮಾವಯ್ಯ, ಸೀತು ಬಂದಿತ್ತ್. ಅವತ್ತ್ ಬನದೊಳ್ಗೆ ನಿಮ್ ಸ್ವರ ಕೇಳ್ತ್ ಅಂತ್.”

ಕೃಷ್ಣಯ್ಯನವರ ಬೆರಳು ಎಲೆಯ ಮೇಲೆ ನಿಂತಿತು. ಅಂಗಳದಲ್ಲಿ ಒಣಹಾಕಿದ್ದ ಭತ್ತಕ್ಕೆ ಗುಬ್ಬಿಗಳು ಬಂದು ಕೂತವು. ಎಂದಿನಂತೆ ಅವರು ಕೋಲು ಬಡಿದು ಓಡಿಸಲಿಲ್ಲ. ಅವರು ಹೇಳಿದ್ದು ಕೇಳಿದ ಪ್ರಶ್ನೆಗೆ ಉತ್ತರವೂ ಆಗಿತ್ತು, ಆಗಿರಲೂ ಇಲ್ಲ.

“ಬನದ ನಡು ಕಲ್ಲ್ ವಾಲಿದ್ದಿಲ್ಲೆ,” ಎಂದರು. “ನೆಟ್ಟಗೇ ಇತ್ತ್. ಅರಿಶಿನ ಮಾತ್ರ ಸಮ ಹಚ್ಚಿದ್ದಿಲ್ಲೆ ಅವ.”

“ಯಾರ್ ಮಾವಯ್ಯ?”

“ಪಂಚಮಿಗೆ ಗೌರೀಶ ದೇವಸ್ಥಾನದಲ್ಲಿದ್ದ, ಬನದ ಪೂಜೆಗೆ ಬಂದ ಹುಡ್ಗ. ಹತ್ತ್ ಮನಿಗೆ ಹೋಯ್ಕ್ ಅಂದೇಳಿ ಒಂದೇ ಗಡಿಬಿಡಿ. ಹೋದ, ಬಂದ. ಒಳ್ಗೆ ಎಂತ ಮಾಡ್ದ, ಯಾರ್ ಕಂಡ್ರ್? ನಲ್ವತ್ತ್ ವರ್ಷ ನಾನ್ ಹಾಲೆರ್ದ ಕಲ್ಲ್ ಅದ್. ಎರ್ಡ್ ವರ್ಷ ಆಯ್ತ್ ಕಾಣ್ದೆ. ಮಲ್ಗಿರೆ ನಿದ್ರಿ ಬತ್ತಿರ್ಲಿಲ್ಲೆ. ನಾನ್ ಒಳ್ಗೆ ಹೋಪುದಲ್ಲ, ಗಾಡಿ ಹೋಪುದ್, ಅದಕ್ಕೆಂತ ಮೈಲಿಗೆ ಅಂದ್ಕಂಡೆ. ಕಂಡ್ಕಂಡ್ ವಾಪಸ್ ಬಪ್ಪುದ್, ಅಷ್ಟೆ. ಕಲ್ಲ್ ಕಂಡದ್ದೇ... ಬಾಯಿಗೆ ಮಂತ್ರ ಬಂತ್. ಬೆರ್ಳ್ ಎಲ್ಲಿತ್ತ್, ಎಂತ ಒತ್ತಿದೆ, ಗೊತ್ತಾಯ್ಲಿಲ್ಲೆ.”

“ಶ್ರಾವ್ಯ ಹತ್ರ ಆಣೆ ಹಾಕ್ಸಿದ್ರ್ಯಾ?”

“ಆಣೆ ಅಲ್ಲ. ಯಾರಿಗೂ ಹೇಳ್ಬೇಡ ಅಂದೆ. ತಾನೇ ಬಿಟ್ಟದ್ದ್ ಅಂತ್ಳ್ ಅಂದೇಳಿ ನಂಗೆ ಗೊತ್ತಿರ್ಲಿಲ್ಲೆ.”

“ಗೊತ್ತಾದ್ಮೇಲೆ?”

ಅವರು ಸುಣ್ಣದ ಡಬ್ಬಿಯ ಮುಚ್ಚಳ ಹಾಕಿದರು. ಗೊತ್ತಾದ ಮೇಲೂ ಅವರು ಯಾಕೆ ಹೇಳಲಿಲ್ಲವೆಂದು ರಂಜನಿಗೂ ತಿಳಿದಿತ್ತು. ಹಿಂದಿನ ವರ್ಷ ಪಕ್ಕದ ದುಗ್ಗಪ್ಪನ ಮೊಮ್ಮಗನ ಚೆಂಡು ಬನದೊಳಗೆ ಬಿದ್ದು, ಹುಡುಗ 'ಯಾರೂ ಕಾಣುವುದಿಲ್ಲ' ಎಂದು ಒಳಗೆ ಹಾರಿದ್ದ. ಇದೇ ಜಗಲಿಯಲ್ಲಿ ದುಗ್ಗಪ್ಪನನ್ನು ನಿಲ್ಲಿಸಿ, ನಾಲ್ಕು ಮನೆಯವರು ಕೇಳುವ ಹಾಗೆ ಕೃಷ್ಣಯ್ಯ ಬುದ್ಧಿ ಹೇಳಿದ್ದರು. ನಾಗದೋಷ ಕಳೆಯಲು ಆಶ್ಲೇಷಾ ಬಲಿ ಮಾಡಿಸದೆ ಬಿಟ್ಟಿರಲಿಲ್ಲ.

“ಅವ್ಳ್ ಕಾಲ್ ಊರುದಿಲ್ಲೆ ಮಾವಯ್ಯ,” ಎಂದಳು ರಂಜನಿ. “ಈಗ ಊರದಿದ್ರೆ ಮಂಡಿ ಬಿಗೀತ್ ಅಂದಿರ್. ನಾನ್ ಹೇಳ್ರೆ ನಂಬುದಿಲ್ಲೆ. ಡಾಕ್ಟ್ರ್ ಹೇಳ್ರೆ ನಂಬುದಿಲ್ಲೆ.”

ಕೃಷ್ಣಯ್ಯ ಎಲೆಯನ್ನು ಮಡಚಿದರು, ಬಾಯಿಗೆ ಹಾಕದೆ ತಟ್ಟೆಯಲ್ಲಿಟ್ಟರು. ಒಳಗೆ ವಾರಿಜಾಕ್ಷಿಯ ತಂಬಿಗೆಯ ಸದ್ದಾಯಿತು. ರಂಜನಿ ಚೌಕಟ್ಟು ಬಿಟ್ಟು ಒಳಗೆ ಹೋದಳು.

ಆ ರಾತ್ರಿ ಗಂಡನಿಗೆ ಹೇಳಿಬಿಡಲೇ ಎಂದು ರಂಜನಿಗೆ ಅನಿಸಿತು, ಹೇಳಲಿಲ್ಲ. ಸೊಸೆ ಮಾವನ ಮೇಲೆ ಹೊರಿಸಿದಳೆಂದಾಗುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ. ಅದೆಲ್ಲ ಇರಲಿ ಎಂದರೂ, ಅವಳು ಹೇಳಿದರೆ ಮಗಳು ನಂಬುವುದಿಲ್ಲ. ಮಗಳಿಗೆ ಅದು ಅಜ್ಜನ ಬಾಯಿಂದಲೇ ಬರಬೇಕು. ಬರದಿದ್ದರೆ, ಪುರೋಹಿತರ ಎದುರೇ ತಾನು ಹೇಳುವುದೆಂದು ಗಟ್ಟಿ ಮಾಡಿಕೊಂಡಳು.

ಪುರೋಹಿತರು ಬಂದ ದಿನ ಬೆಳಿಗ್ಗೆ ತೋಟದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಬನದ ಕಟ್ಟೆಯ ಬಾಯಿಯೆದುರು ಮಂಡಲ ಬರೆದು ಕಲಶ ಇಟ್ಟಿದ್ದರು. ಶ್ರಾವ್ಯಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಗೌರೀಶ ಎತ್ತಿ ತಂದ. ಕೃಷ್ಣಯ್ಯನವರಿಗೆ ಎತ್ತರದ ಮಣೆ. ಸುದ್ದಿ ತಿಳಿದ ದುಗ್ಗಪ್ಪನೂ ಬಂದು, ಹೆಗಲ ಬೈರಾಸು ವಸ್ತ್ರವನ್ನು ಸೊಂಟಕ್ಕೆ ಸುತ್ತಿ, ತೆಂಗಿನ ಮರದ ಪಕ್ಕ ನಿಂತಿದ್ದ. ಗಾಡಿಯ ದೀಪ ಎಂದೋ ಆರಿತ್ತು.

ಇಂಥ ಕರ್ಮಗಳಿಗೆ ಮೊದಲು ಸಂಕಲ್ಪ. ಯಾರ ತಪ್ಪಿಗಾಗಿ ಮಾಡುವುದೋ ಅವರ ಗೋತ್ರ, ನಕ್ಷತ್ರ, ಹೆಸರು ಎತ್ತಿ ಹೇಳಬೇಕು. ಪುರೋಹಿತರು ಅಕ್ಷತೆ ಕೈಗೆ ಕೊಟ್ಟು ತಲೆಯೆತ್ತಿದರು. “ಯಾರ್ ಹೆಸ್ರಲ್ಲಿ?”

“ಹೆಣ್ಣಿನ ಹೆಸ್ರಲ್ಲಿ,” ಎಂದರು ವಾರಿಜಾಕ್ಷಿ. “ಶ್ರಾವ್ಯ. ರೋಹಿಣಿ ನಕ್ಷತ್ರ.”

ಕುರ್ಚಿಯಲ್ಲಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡಳು. ರಂಜನಿ ಬಾಯಿ ತೆರೆಯುವಷ್ಟರಲ್ಲಿ ಕೃಷ್ಣಯ್ಯನವರ ದನಿ ಕೇಳಿಸಿತು.

“ಅವ್ಳ್ ಹೆಸ್ರ್ ಬೇಡ. ನನ್ ಹೆಸ್ರ್ ಹೇಳಿ.”

ಪುರೋಹಿತರು ಅವರ ಮುಖ ನೋಡಿದರು. ಪುರೋಹಿತರದೇ ಕಣ್ಣು ತುಂಬಿತು. “ಕಂಡ್ರ್ಯಾ,” ಎಂದರು ಸುತ್ತ ನಿಂತವರಿಗೆ. “ಮೊಮ್ಮಗಳ ತಪ್ಪನ್ನ್ ತಮ್ ಮೇಲೆ ಹಾಕ್ಕಂಬುಕೆ ಹೊರ್ಟಿರ್. ಹಿರಿಯರ್ ಅಂದ್ರೆ ಹೀಂಗ್ ಇರ್ಕ್.”

ವಾರಿಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡರು. ದುಗ್ಗಪ್ಪ ನಿಂತಲ್ಲೇ ಕೈ ಮುಗಿದ. ಗೌರೀಶ ಮಗಳ ತಲೆ ಸವರಿ, “ಕಂಡ್ಯಾ? ನಿನ್ ಸಲುವಾಗಿ ಅಜ್ಜಯ್ಯ ಎಷ್ಟ್ ಮಾಡ್ತ್ರ್. ಇನ್ನಾರೂ ಬುದ್ಧಿ ಕಲಿ,” ಎಂದ.

ಶ್ರಾವ್ಯ ಕಣ್ಣು ತೆರೆದು ಅಜ್ಜನನ್ನು ನೋಡಿದಳು. ಅವಳ ಮುಖ ಮತ್ತಷ್ಟು ಸಣ್ಣದಾಯಿತು. ತನ್ನದಲ್ಲದ ತಪ್ಪಿನ ಜೊತೆಗೆ ಈಗ ತೀರಿಸಲಾಗದ ಒಂದು ಉಪಕಾರವೂ ಅವಳ ಮೇಲೆ ಬಂದು ಕೂತಿತ್ತು.

ಕೃಷ್ಣಯ್ಯ ಅಂಗೈಯಲ್ಲಿದ್ದ ಅಕ್ಷತೆಯನ್ನೇ ನೋಡುತ್ತಿದ್ದರು. ಇಲ್ಲಿಗೆ ನಿಲ್ಲಿಸಿದ್ದರೆ ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮರ್ಯಾದೆ ಹೋಗುವುದಿರಲಿ, ಇದ್ದದ್ದಕ್ಕಿಂತ ಹೆಚ್ಚಾಗುತ್ತಿತ್ತು. ಪುರೋಹಿತರು ಅವರ ಗೋತ್ರ ಹೇಳಿ ಮುಗಿಸಿ, ನಕ್ಷತ್ರಕ್ಕೆ ಬಂದಿದ್ದರು.

“ಮಾವಯ್ಯ,” ಎಂದಳು ರಂಜನಿ. ಅಷ್ಟೇ ಹೇಳಿದಳು.

“ಭಟ್ರೆ, ಚೂರ್ ನಿಲ್ಲಿ,” ಎಂದರು ಕೃಷ್ಣಯ್ಯ. “ಹಿರಿತನ ಎಂತದೂ ಅಲ್ಲ ಇದ್. ತಪ್ಪ್ ನಂದೇ. ಗಾಡಿ ಬಿಟ್ಟದ್ದ್ ನಾನ್. ಹೆಣ್ಣ್ ಬೇಡ ಅಜ್ಜಯ್ಯ ಅಂದಿತ್ತ್. ನಾನೇ ಅವ್ಳ್ ಕೈಯಿಂದ ಮೊಬೈಲ್ ತಕಂಡ್ ಬಿಟ್ಟೆ. ಹೇಳ್ಬೇಡ ಅಂದದ್ದೂ ನಾನೇ. ಅವ್ಳ್ ಹೇಳ್ಲಿಲ್ಲೆ.”

ಬನದೊಳಗೆ ಯಾವುದೋ ಹಕ್ಕಿ ರೆಕ್ಕೆ ಬಡಿದು ಕೊಂಬೆ ಬದಲಿಸಿತು. ಮೊದಲು ಮಾತು ಬಂದದ್ದು ವಾರಿಜಾಕ್ಷಿಗೆ.

“ನಿಮ್ಗೆ ಮಂಡೆ ಸಮ ಇತ್ತಾ? ಈ ಪ್ರಾಯದಲ್ಲಿ ಆಟದ ಗಾಡಿ! ಅದೂ ನಾಗನ ಬನಕ್ಕೆ! ನಾನ್ ಆ ಹೆಣ್ಣಿಗೆ ಎಂತೆಲ್ಲ ಹೇಳ್ದೆ ವಾರ ಇಡೀ...” ಎನ್ನುತ್ತ ಅರ್ಧಕ್ಕೆ ನಿಲ್ಲಿಸಿ ಮುಖ ತಿರುಗಿಸಿದರು.

ದುಗ್ಗಪ್ಪ ಮುಗಿದ ಕೈಯನ್ನು ಇಳಿಸಿದ. ಸೊಂಟದ ಬೈರಾಸನ್ನು ಬಿಚ್ಚಿ, ಕೊಡವಿ, ಹೆಗಲಿಗೆ ಹಾಕಿಕೊಂಡ. “ನಮ್ ಮಾಣಿ ಹೋದ್ದ್ ಚೆಂಡ್ ಹೆಕ್ಕುಕೆ, ಭಟ್ರೆ,” ಎಂದ ಕೃಷ್ಣಯ್ಯನವರಿಗೆ. “ಕದ್ದ್ ಕಾಂಬುಕಲ್ಲ.” ಹಿಂದೆ ನೋಡದೆ ತೋಟ ದಾಟಿ ಹೋದ. ಕೃಷ್ಣಯ್ಯ ತಲೆ ತಗ್ಗಿಸಿಯೇ ಇದ್ದರು.

ಪುರೋಹಿತರು ಸಂಕಲ್ಪವನ್ನು ಮೊದಲಿನಿಂದ ಹೇಳಿದರು, ಈ ಸಲ ಸ್ವಲ್ಪ ಬೇಗ. ಕೊನೆಗೆ ಒಳಗೆ ಹೋಗಿ ಗಾಡಿಯನ್ನು ಬಾಳೆಲೆಯಲ್ಲಿ ಎತ್ತಿ ತಂದರು. ಚಕ್ರಕ್ಕೆ ನಾರುಬೇರು ಸುತ್ತಿಕೊಂಡಿತ್ತು, ಸ್ಪೀಕರಿನ ತೂತುಗಳಲ್ಲಿ ಇರುವೆ ಗೂಡು ಕಟ್ಟಲು ಶುರುಮಾಡಿದ್ದವು. ವಾರಿಜಾಕ್ಷಿ ಪುಣ್ಯಾಹದ ನೀರನ್ನು ಅದರ ಮೇಲೆ ಒಂದು ತಂಬಿಗೆ ಸುರಿಯಲು ಹೊರಟಾಗ ರಂಜನಿ, “ಕರೆಂಟಿನ ಸಾಮಾನ್ ಅತ್ತೆ, ಪ್ರೋಕ್ಷಣೆ ಸಾಕ್,” ಎಂದಳು. ಅವರು ದರ್ಭೆಯಲ್ಲಿ ನಾಲ್ಕು ಹನಿ ಚಿಮುಕಿಸಿದರು. ಅದನ್ನು ಹೊಳೆಗೆ ಎಸೆಯುವುದೋ ಒಳಗಿಡುವುದೋ ಎಂಬುದು ತೀರ್ಮಾನವಾಗದೆ, ಗಾಡಿ ಜಗಲಿಯ ಮೂಲೆಯಲ್ಲಿ ಬಾಳೆಲೆಯ ಮೇಲೆಯೇ ಉಳಿಯಿತು.

ಮಧ್ಯಾಹ್ನ ಊಟ ಬಡಿಸುವಾಗ ವಾರಿಜಾಕ್ಷಿ ಗಂಡನ ಎಲೆಗೆ ಪಾಯಸ ಹಾಕದೆ ಮುಂದೆ ಹೋದರು. ಮೊಮ್ಮಗಳ ಎಲೆಗೆ ಎರಡು ಸಲ ಹಾಕಿದರು.

ಊಟವಾಗಿ ಚಾವಡಿಯಲ್ಲಿ ಕುಳಿತಿದ್ದಾಗ ಶ್ರಾವ್ಯಳೇ ಮಾತು ತೆಗೆದಳು.

“ಅಜ್ಜಯ್ಯ, ಈಗ ನಾಗದೇವ್ರ್ ನಿಮ್ ಕಾಲ್ ತೆಗೀತಾ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಕೃಷ್ಣಯ್ಯ, “ಗೊತ್ತಿಲ್ಲೆ ಮಗಾ,” ಎಂದರು.

“ನಡ್ದ್ ಕಾಣಿ.”

ಅವರು ಊರುಗೋಲಿಗೆ ಕೈ ಚಾಚಿದರು. ಶ್ರಾವ್ಯ, “ಕೋಲ್ ಬೇಡ,” ಎಂದಳು. ಗೌರೀಶ ಏನೋ ಹೇಳಲು ಹೋದಾಗ ರಂಜನಿ ಅವನ ತೋಳು ಹಿಡಿದು ತಡೆದಳು.

ಕೃಷ್ಣಯ್ಯ ಗೋಡೆ ಹಿಡಿದು ಎದ್ದರು. ಚಾವಡಿಯ ಈ ತುದಿಯಿಂದ ಆ ತುದಿಗೆ ದೂರವೇನಿಲ್ಲ; ಆದರೆ ಕೋಲಿಲ್ಲದೆ ಅವರು ಅಷ್ಟು ನಡೆದದ್ದನ್ನು ಮನೆಯಲ್ಲಿ ಯಾರೂ ಇತ್ತೀಚೆಗೆ ಕಂಡಿರಲಿಲ್ಲ. ಒಂದೊಂದು ಹೆಜ್ಜೆಯನ್ನೂ ಇಡುವ ಮೊದಲು ನೆಲವನ್ನು ನೋಡಿಕೊಂಡರು. ಹುಡುಗಿಯ ಕಣ್ಣು ಅವರ ಮೊಣಕಾಲನ್ನು ಬಿಟ್ಟು ಕದಲಲಿಲ್ಲ. ನಡುವಿಗೆ ಬಂದಾಗ ಬಲಗಾಲು ಬಾಗಿತು. ಅವರು ಕಿಟಕಿಯ ಸರಳನ್ನು ಗಕ್ಕನೆ ಹಿಡಿದು ನೇತುಬಿದ್ದಂತೆ ನಿಂತರು. ಮಗಳ ಭಯ ಗಟ್ಟಿಯಾಗಲು ಈ ಒಂದು ಸಲ ಎಡವಿದ್ದೇ ಸಾಕು ಎಂದುಕೊಂಡಳು ರಂಜನಿ.

“ಅದ್ ನಾಗದೇವ್ರಾ?” ಎಂದಳು ಶ್ರಾವ್ಯ.

“ಅಲ್ಲ,” ಎಂದರು ಕೃಷ್ಣಯ್ಯ, ಉಸಿರು ಎಳೆದುಕೊಂಡು. “ಇದ್ ಹಳೇ ನೋವ್. ಗಾಡಿ ಬಪ್ಪುಕೆ ಮೊದ್ಲೇ ಇತ್ತ್. ನಿಂಗೇ ಗೊತ್ತಿತ್ತಲೆ.”

ಹುಡುಗಿ ಅದನ್ನು ತೂಗಿ ನೋಡಿದಳು. ಹೌದು, ಅವಳಿಗೆ ಗೊತ್ತಿತ್ತು. ಕೃಷ್ಣಯ್ಯ ಸರಳು ಬಿಟ್ಟು ಮತ್ತೆ ಹೆಜ್ಜೆ ಎತ್ತಿ, ಆಚೆಯ ಗೋಡೆಗೆ ಕೈ ತಾಗಿಸಿ ನಿಂತರು. ಹಣೆಯಲ್ಲಿ ಬೆವರೊಡೆದಿತ್ತು.

ಶ್ರಾವ್ಯ ಮಂಚದ ಅಂಚಿಗೆ ಸರಿದಳು. ತೆಳ್ಳಗಿನ ಕಾಲನ್ನು ಇಳಿಬಿಟ್ಟು, ಹೆಬ್ಬೆರಳನ್ನು ನೆಲಕ್ಕೆ ಮುಟ್ಟಿಸಿದಳು. ಆಮೇಲೆ ಪಾದವನ್ನು. ಕೆಂಪು ನೆಲದ ಮೇಲೆ ಪಾದ ಒಂದು ಗಳಿಗೆ ನಿಂತಿತು. ಭಾರ ಹಾಕುವ ಮೊದಲೇ ಸರ್ರನೆ ಮೇಲೆಳೆದುಕೊಂಡಳು.

ರಂಜನಿ ಹತ್ತಿರ ಹೋಗಲಿಲ್ಲ.

“ಇನ್ನೊಂದ್ಸಲ ನಡ್ದ್ ಕಾಣಿ ಅಜ್ಜಯ್ಯ,” ಎಂದಳು ಶ್ರಾವ್ಯ.

ಕೃಷ್ಣಯ್ಯ ಗೋಡೆಯಿಂದ ಕೈ ತೆಗೆದು, ನಿಧಾನವಾಗಿ ಈ ಕಡೆಗೆ ತಿರುಗಿದರು.